ತಾನೇ ಸರಿಮಾಡಿಕೊಳ್ಳುವ ಟ್ಯಾಪೆಟ್

ಮಕ್ಕಳೇ, ನಿಮ್ಮ ಮನೆಯ ಕಾರನ್ನೋ ಶಾಲೆಯ ವ್ಯಾನನ್ನೋ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಬಾನೆಟ್ ಪಕ್ಕ ನಿಂತು ಕಿವಿಗೊಟ್ಟು ಕೇಳಿದ್ದೀರಾ? ಕೆಲವು ಗಾಡಿಗಳಲ್ಲಿ ಎರಡು ಮೂರು ಸೆಕೆಂಡು ‘ಟಿಕ್ ಟಿಕ್ ಟಿಕ್’ ಎಂದು ಸದ್ದು ಬಂದು ಆಮೇಲೆ ತಾನಾಗಿ ನಿಂತುಹೋಗುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಅದು ನಿಲ್ಲುವುದೇ ಇಲ್ಲ. ಈ ಸದ್ದಿಗೆ ನಮ್ಮ ಕಡೆಯ ಮೇಸ್ತ್ರಿಗಳು ‘ಟ್ಯಾಪೆಟ್ ಸೌಂಡು’ ಎನ್ನುತ್ತಾರೆ. ನಿಂತುಹೋಗುವ ಸದ್ದಿಗೂ ನಿಲ್ಲದ ಸದ್ದಿಗೂ ಇರುವ ವ್ಯತ್ಯಾಸ ತಿಳಿದರೆ ಸಾವಿರಾರು ರೂಪಾಯಿ ಉಳಿದೀತು.

ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೆ ನಮ್ಮ ಭಾವನವರು ದೇವನಹಳ್ಳಿಯಲ್ಲಿ ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಭಾನುವಾರ ಅವರ ಗಾಡಿಗೆ ಟ್ಯಾಪೆಟ್ ಸೆಟ್ಟಿಂಗ್ ಆಗುವಾಗ ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಹೀಗಾಗಿ ಲೆಡ್ಜರಿನ ಜೊತೆಗೆ ಟ್ಯಾಪೆಟ್ಟಿನ ಪರಿಚಯವೂ ಆಯಿತು.

ಬಾಗಿಲು ಕಾಯುವ ಕೆಲಸ

ಇಂಜಿನ್ನಿನ ಒಳಗೆ ಸಿಲಿಂಡರ್ ಎಂಬ ಕೊಳವೆಗಳಿವೆ. ಇಂಧನ ಉರಿಯುವುದು ಅವುಗಳಲ್ಲೇ. ಉರಿಯಲು ಗಾಳಿ ಒಳಗೆ ಬರಬೇಕು, ಉರಿದ ಮೇಲೆ ಹೊಗೆ ಹೊರಗೆ ಹೋಗಬೇಕು. ಅದಕ್ಕೆ ಪ್ರತಿ ಸಿಲಿಂಡರಿಗೂ ಪುಟ್ಟ ಬಾಗಿಲುಗಳಿವೆ. ಅವೇ ವಾಲ್ವುಗಳು. ನೋಡಲು ಉದ್ದ ಕಾಂಡದ ಅಣಬೆಯ ಹಾಗಿರುತ್ತವೆ. ಅವನ್ನು ಮುಚ್ಚಿಡುವುದು ಒಂದು ಗಟ್ಟಿ ಸ್ಪ್ರಿಂಗು. ತೆರೆಯುವುದು ಕ್ಯಾಮ್ ಶಾಫ್ಟ್, ಅಂದರೆ ಅಲ್ಲಲ್ಲಿ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಉಕ್ಕಿನ ಸರಳು. ಸರಳು ತಿರುಗಿದಾಗ ಉಬ್ಬು ಬಂದು ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ಉಬ್ಬು ಸರಿದರೆ ಮುಚ್ಚುತ್ತದೆ. ಉಬ್ಬಿಗೂ ವಾಲ್ವಿಗೂ ನಡುವೆ ನಿಂತು ಒತ್ತಡವನ್ನು ದಾಟಿಸುವ ತುಂಡಿಗೆ ಟ್ಯಾಪೆಟ್ ಅಥವಾ ಲಿಫ್ಟರ್ ಎಂದು ಹೆಸರು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಾರಿನ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೆ ಒಂದು ಸಲದಂತೆ ಪ್ರತಿ ವಾಲ್ವೂ ನಿಮಿಷಕ್ಕೆ 1000 ಸಲ ತೆರೆದು ಮುಚ್ಚಬೇಕು. ಗಂಟೆಗೆ 60,000 ಸಲ. ಒಂದು ಇಂಜಿನ್ನಿನಲ್ಲಿ 16 ವಾಲ್ವುಗಳಿದ್ದರೆ ಒಟ್ಟು 9,60,000. ಅಂದರೆ ನೀವು ಮೆಜೆಸ್ಟಿಕ್ಕಿನಿಂದ ಹೊರಟು ಹೆಬ್ಬಾಳ ದಾಟಿ ವಿಮಾನ ನಿಲ್ದಾಣ ಸೇರುವ ಹೊತ್ತಿಗೆ ಆ ಪುಟ್ಟ ಬಾಗಿಲುಗಳು ಹತ್ತಿರ ಹತ್ತಿರ ಹತ್ತು ಲಕ್ಷ ಸಲ ತೆರೆದು ಮುಚ್ಚಿರುತ್ತವೆ!

ಕೂದಲೆಳೆಯ ಸಂದು

ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಯಲಹಂಕದಿಂದ ನಮ್ಮೂರ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವಂಥ ಹಳಿಗಳಲ್ಲಿ ಹಿಂದೆ ಕಂಬಿಗೂ ಕಂಬಿಗೂ ನಡುವೆ ಸಂದು ಬಿಡುತ್ತಿದ್ದುದು ಅದಕ್ಕೇ. ರೈಲು ‘ಟಕಟಕ, ಟಕಟಕ’ ಎನ್ನುತ್ತಿದ್ದುದೂ ಆ ಸಂದಿನಿಂದಲೇ. ಅಜ್ಜ ಅಜ್ಜಿಯರನ್ನು ಕೇಳಿ, ಅವರಿಗೆ ಆ ಸದ್ದು ಚೆನ್ನಾಗಿ ನೆನಪಿರುತ್ತದೆ.

ಇಂಜಿನ್ನಿನಲ್ಲೂ ಇದೇ ಕಥೆ. ಹತ್ತು ಸೆಂಟಿಮೀಟರ್ ಉದ್ದದ ಉಕ್ಕಿನ ಕಡ್ಡಿ ನೂರು ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.12 ಮಿಲಿಮೀಟರ್ ಉದ್ದವಾಗುತ್ತದೆ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಸುಮಾರು ಇಷ್ಟೇ. ಹಾಳೆಯಷ್ಟು ಉದ್ದವಾದರೆ ಏನಾದೀತು ಎಂದು ಕೇಳಬೇಡಿ. ಅಷ್ಟೇ ಸಾಕು, ವಾಲ್ವ್ ಪೂರ್ತಿ ಮುಚ್ಚದೆ ಉಳಿಯುತ್ತದೆ. ಬಿಸಿ ಹೊಗೆ ಆ ಸಂದಿಯಲ್ಲಿ ನುಗ್ಗುತ್ತದೆ. ಹೊಗೆ ಹೊರಹೋಗುವ ವಾಲ್ವ್ ಕೆಲಸ ಮಾಡುವುದೇ ಆರೇಳು ನೂರು ಡಿಗ್ರಿಯ ಬಿಸಿಯಲ್ಲಿ. ಮುಚ್ಚಿ ಕೂತಾಗ ಮಾತ್ರ ಅದು ತನ್ನ ಬಿಸಿಯನ್ನು ಪೀಠಕ್ಕೆ ದಾಟಿಸಿ ತಣ್ಣಗಾಗುತ್ತದೆ. ಕೂರಲು ಜಾಗ ಸಿಗದಿದ್ದರೆ ಅಂಚು ಸುಟ್ಟುಹೋಗುತ್ತದೆ.

ಹಾಗಾಗಿ ಹಳೆಯ ಇಂಜಿನ್ನುಗಳಲ್ಲಿ ಬೇಕೆಂದೇ ಒಂದಿಷ್ಟು ಸಂದು ಬಿಡುತ್ತಿದ್ದರು. ಭಾವನವರ ಅಂಬಾಸಿಡರಿಗೆ ಅದು 15 ಥೌ, ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಹದಿನೈದು ಪಾಲು. ಸಂದು ಹೆಚ್ಚಾದರೆ ಸದ್ದು, ಸವೆತ, ಎಳೆತ ಕಡಿಮೆ. ಸಂದು ಕಡಿಮೆಯಾದರೆ ವಾಲ್ವ್ ಸುಡುತ್ತದೆ. ಎರಡೂ ಆಗಬಾರದು. ಅದಕ್ಕೆ ಫೀಲರ್ ಗೇಜ್ ಎಂಬ ತೆಳು ತಗಡನ್ನು ಸಂದಿಗೆ ತೂರಿಸಿ, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಹಿತವಾಗಿ ಹಿಡಿದುಕೊಳ್ಳುವವರೆಗೆ ಸ್ಕ್ರೂ ತಿರುಗಿಸಿ ನಟ್ ಬಿಗಿಯಬೇಕಿತ್ತು.

ಒಂಬತ್ತರ ಮಗ್ಗಿ

ಅಂಬಾಸಿಡರಿನಲ್ಲಿ ನಾಲ್ಕು ಸಿಲಿಂಡರು, ಎಂಟು ವಾಲ್ವು. ಒಂದು ವಾಲ್ವಿನ ಸಂದು ಅಳೆಯುವಾಗ ಅದು ಪೂರ್ತಿ ಮುಚ್ಚಿರಲೇಬೇಕು. ಮುಚ್ಚಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಮೇಸ್ತ್ರಿಗಳ ಬಳಿ ಸೊಗಸಾದ ಒಂದು ಲೆಕ್ಕವಿತ್ತು. ಮುಂದಿನಿಂದ ಹಿಂದಕ್ಕೆ ವಾಲ್ವುಗಳಿಗೆ 1ರಿಂದ 8ರವರೆಗೆ ಸಂಖ್ಯೆ ಕೊಡಿ. ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ. ಯಾವ ವಾಲ್ವ್ ಪೂರ್ತಿ ಕೆಳಗೆ ಒತ್ತಿಕೊಂಡಿದೆಯೋ ಅದರ ಸಂಖ್ಯೆಯನ್ನು 9ರಿಂದ ಕಳೆಯಿರಿ. ಉಳಿದದ್ದೇ ಈಗ ಅಳೆಯಬೇಕಾದ ವಾಲ್ವ್. 8 ಒತ್ತಿದ್ದರೆ 1ನ್ನು ಅಳೆಯಿರಿ. 6 ಒತ್ತಿದ್ದರೆ 3ನ್ನು. 4 ಒತ್ತಿದ್ದರೆ 5ನ್ನು. 2 ಒತ್ತಿದ್ದರೆ 7ನ್ನು. ಯಾವ ಜೋಡಿ ಕೂಡಿಸಿದರೂ ಒಂಬತ್ತು!

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಮೇಸ್ತ್ರಿಯೊಬ್ಬರು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ದಿನದ ಕೊನೆಗೆ ಜಮಾ ಖರ್ಚು ತಾಳೆಯಾದಾಗ ಬ್ಯಾಂಕಿನವರಿಗೆ ಆಗುವ ಸಂತೋಷ ನನಗೆ ಅಲ್ಲೂ ಆಗುತ್ತಿತ್ತು.

2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ತಯಾರಿಸುವುದನ್ನು ನಿಲ್ಲಿಸಿತು. ಮೂರು ಸಿಲಿಂಡರಿನ ಮಾರುತಿ 800ಕ್ಕೂ ಹೀಗೆಯೇ ಕೈಯಿಂದ ಟ್ಯಾಪೆಟ್ ಸೆಟ್ ಮಾಡಬೇಕಿತ್ತು. ಅಜ್ಜಂದಿರ ಹಳೆಯ ಬುಲೆಟ್ ಮೋಟಾರ್ ಸೈಕಲ್ಲಿಗೂ ಅಷ್ಟೇ. ಈಗಲೂ ಕೆಲವು ಕಾರುಗಳಲ್ಲಿ ಈ ಸಂದು ಅಳೆಯುವ ಕೆಲಸ ಇದ್ದೇ ಇದೆ. ಆದರೆ ಬಹಳಷ್ಟು ಇಂಜಿನ್ನುಗಳಲ್ಲಿ ಆ ಕೆಲಸವನ್ನು ಒಂದು ಹೆಬ್ಬೆರಳಿನ ಗಾತ್ರದ ತುಂಡು ತಾನೇ ಮಾಡಿಕೊಳ್ಳುತ್ತದೆ. ಅದೇ ಹೈಡ್ರಾಲಿಕ್ ಟ್ಯಾಪೆಟ್.

ಎಣ್ಣೆಯೇ ಕಂಬ

ಅಮೆರಿಕದ ಕ್ಯಾಡಿಲಾಕ್ ಕಂಪನಿ 1930ರಲ್ಲಿ ಹದಿನಾರು ಸಿಲಿಂಡರಿನ ಒಂದು ಭಾರಿ ಕಾರು ತಂದಿತು. ಅದರಲ್ಲಿ ಮೂವತ್ತೆರಡು ವಾಲ್ವು. ಅಷ್ಟಕ್ಕೂ ಸಂದು ಬಿಟ್ಟರೆ ಗದ್ದಲ ಎಷ್ಟಾದೀತು ಯೋಚಿಸಿ. ಶ್ರೀಮಂತರ ಕಾರು, ಸದ್ದು ಕೇಳಬಾರದು. ಆದ್ದರಿಂದ ಅದರಲ್ಲಿ ಎಣ್ಣೆಯ ಬಲದಿಂದ ಸಂದನ್ನು ತುಂಬುವ ಏರ್ಪಾಟು ಮಾಡಿದರು. ಅಲ್ಲಿಂದ ಅದು ಕ್ರಮೇಣ ಸಾಮಾನ್ಯರ ಗಾಡಿಗೂ ಬಂತು.

ಇದರ ಒಳಗಿರುವುದು ಬಹಳ ಸರಳ. ಒಂದು ಉಕ್ಕಿನ ಲೋಟ. ಅದರೊಳಗೆ ಬಿಗಿಯಾಗಿ ಕೂರುವ ಇನ್ನೊಂದು ಪುಟ್ಟ ಲೋಟ. ನಡುವೆ ಒಂದು ಸ್ಪ್ರಿಂಗು. ಚಿಕ್ಕ ಲೋಟದ ತಳದಲ್ಲಿ ಒಂದು ತೂತು, ಆ ತೂತಿಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪನೆಯ ಒಂದು ಗೋಲಿ. ವಾಲ್ವ್ ಮುಚ್ಚಿರುವಾಗ ಸ್ಪ್ರಿಂಗು ಚಿಕ್ಕ ಲೋಟವನ್ನು ಮೇಲೆ ತಳ್ಳುತ್ತದೆ, ಸಂದು ಇಲ್ಲವಾಗುತ್ತದೆ. ಆಗ ಕೆಳಗೆ ಉಂಟಾದ ಜಾಗಕ್ಕೆ ಗೋಲಿ ಸರಿದು ಇಂಜಿನ್ ಆಯಿಲ್ ಇಳಿಯುತ್ತದೆ. ಮರುಕ್ಷಣ ಕ್ಯಾಮಿನ ಉಬ್ಬು ಬಂದು ಒತ್ತಿದರೆ ಗೋಲಿ ತೂತನ್ನು ಮುಚ್ಚಿಬಿಡುತ್ತದೆ. ಒಳಗೆ ಸಿಕ್ಕಿಕೊಂಡ ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ. ಆ ಕ್ಷಣಕ್ಕೆ ಅದು ಉಕ್ಕಿನ ಕಂಬದಂತೆ ನಿಂತು ವಾಲ್ವನ್ನು ತೆರೆಯುತ್ತದೆ. ಎರಡು ಲೋಟಗಳ ನಡುವಿನ ಅತಿ ಸಣ್ಣ ಸಂದಿನಲ್ಲಿ ಒಂದಿಷ್ಟು ಎಣ್ಣೆ ಸೋರುತ್ತದೆ. ಅದು ಬೇಕೆಂದೇ ಇಟ್ಟದ್ದು. ಬಿಸಿಗೆ ವಾಲ್ವ್ ಉದ್ದವಾದರೆ ಟ್ಯಾಪೆಟ್ ಆ ಸೋರಿಕೆಯಿಂದಲೇ ಗಿಡ್ಡವಾಗಿ ಜಾಗ ಬಿಡುತ್ತದೆ. ಸವೆದು ಸಂದು ಬಂದರೆ ಇನ್ನಷ್ಟು ಎಣ್ಣೆ ತುಂಬಿಕೊಂಡು ಉದ್ದವಾಗುತ್ತದೆ. ಪ್ರತಿ ಸಲವೂ ಅಳತೆ, ಪ್ರತಿ ಸಲವೂ ತಿದ್ದುಪಡಿ.

ಮಕ್ಕಳೇ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಒಂದು ಹೊಸ ಸಿರಿಂಜು ತನ್ನಿ. ಬರೀ ಗಾಳಿ ಎಳೆದುಕೊಂಡು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿ. ಮೆತ್ತಗೆ ಒಳಗೆ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಈಗ ಗುಳ್ಳೆಯಿಲ್ಲದಂತೆ ನೀರು ತುಂಬಿ ಒತ್ತಿ. ಜಗ್ಗುವುದಿಲ್ಲ. ಕೊನೆಗೆ ಅರ್ಧ ನೀರು, ಅರ್ಧ ಗಾಳಿ ತುಂಬಿ ಒತ್ತಿ. ಮತ್ತೆ ಮೆತ್ತಗಾಯಿತು ಅಲ್ಲವೇ? ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಇದನ್ನು ಮಾಡಿ ನೋಡಿ, “ತಾತ, ಹಾಗಾದ್ರೆ ಎಣ್ಣೇಲಿ ಗಾಳಿ ಸೇರಿದ್ರೆ ಟ್ಯಾಪೆಟ್ಟೂ ಹೀಗೇ ಆಗುತ್ತಾ?” ಎಂದಳು. ಹೌದು, ಅದೇ ಟಿಕ್ ಟಿಕ್ ಸದ್ದಿನ ಮುಖ್ಯ ಕಾರಣಗಳಲ್ಲಿ ಒಂದು.

ಹೆಡ್ ಬಿಚ್ಚುವ ಮುನ್ನ

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಚಕ್ಕೋತದ ತೋಟಗಳ ಊರು ಟ್ಯಾಕ್ಸಿಗಳ ಊರೂ ಆಯಿತು. ಅದೇ ವರ್ಷ ಬಂದ ಮಾರುತಿ ಸ್ವಿಫ್ಟ್ ಡಿಸೈರ್ ಡೀಸೆಲ್ ಗಾಡಿಯನ್ನು ನಮ್ಮ ಸುತ್ತಿನ ಎಷ್ಟೋ ಹುಡುಗರು ಸಾಲ ಮಾಡಿ ತೆಗೆದುಕೊಂಡರು. ಅದರಲ್ಲಿದ್ದದ್ದು ಇಟಲಿಯ ಫಿಯೆಟ್ ಕಂಪನಿ ರೂಪಿಸಿದ 1248 ಸಿ.ಸಿ.ಯ ಮಲ್ಟಿಜೆಟ್ ಇಂಜಿನ್. ಹದಿನಾರು ವಾಲ್ವು, ಹದಿನಾರು ಹೈಡ್ರಾಲಿಕ್ ಟ್ಯಾಪೆಟ್. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದರೂ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ, ಮನೆಗಳನ್ನು ಸಾಕುತ್ತಿವೆ.

ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಅಂಥದೊಂದು ಡಿಸೈರ್ ಓಡಿಸುತ್ತಾನೆ. ಒಂದು ಸಂಜೆ ಮುಖ ಸಣ್ಣಗೆ ಮಾಡಿಕೊಂಡು ಬಂದ.

“ತಾತ, ಇಂಜಿನ್ನಲ್ಲಿ ಟ್ಯಾಪೆಟ್ ಸೌಂಡು. ಗ್ಯಾರೇಜಲ್ಲಿ ಹದಿನಾರೂ ಚೇಂಜ್ ಮಾಡ್ಬೇಕು, ಹೆಡ್ ಬಿಚ್ಬೇಕು ಅಂತಾವ್ರೆ. ಮೂರು ತಿಂಗಳ ಕಂತು ಕಟ್ಟೋ ಅಷ್ಟು ದುಡ್ಡು ಆಗುತ್ತೆ. ಮಗಳ ಸ್ಕೂಲ್ ಫೀಸಿಗೆ ಇಟ್ಟಿರೋದನ್ನೇ ತೆಗೀಬೇಕು. ಇಲ್ಲಾಂದ್ರೆ ಚಿನ್ನ ಅಡ ಇಡ್ಬೇಕು.”

“ಆಯಿಲ್ ಚೆಕ್ ಮಾಡಿದ್ರೇನಪ್ಪಾ?” ಎಂದೆ.

“ಇನ್ನೂ ಸಾವಿರ ಕಿಲೋಮೀಟ್ರು ಬಾಕಿ ಐತೆ ತಾತ.”

ಆಯಿಲ್ ಬದಲಿಸಿ ಎರಡು ತಿಂಗಳಾಗಿತ್ತು. ಗಾಡಿ 9,000 ಕಿಲೋಮೀಟರ್ ಓಡಿತ್ತು. ಬಾಗಿಲಿಗೆ ಅಂಟಿಸಿದ್ದ ಚೀಟಿಯ ಪ್ರಕಾರ 10,000ಕ್ಕೆ ಬದಲಿಸಬೇಕು. ಅವನ ಮಾತು ಸರಿಯೇ. ಆದರೆ ಬ್ಯಾಂಕಿನಲ್ಲಿ ಒಂದೇ ಕಾಲಮ್ ನೋಡಿ ಲೆಕ್ಕ ಮುಗಿಸುವುದಿಲ್ಲ. “ದಿನಕ್ಕೆ ಎಷ್ಟು ಹೊತ್ತು ಎ.ಸಿ. ಹಾಕ್ಕೊಂಡು ಗಾಡಿಯಲ್ಲಿ ಕಾಯ್ತೀಯಾ?” ಎಂದು ಕೇಳಿದೆ. ಪಾರ್ಕಿಂಗಿನಲ್ಲಿ, ಟ್ರಿಪ್ಪಿಗಾಗಿ, ರಾತ್ರಿ ನಿದ್ದೆಗೆ, ಎಲ್ಲ ಸೇರಿ ನಾಲ್ಕು ಗಂಟೆಯಾದರೂ ಆಗುತ್ತದೆ ಎಂದ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 25 ದಿನ, ಎರಡು ತಿಂಗಳು, ದಿನಕ್ಕೆ 4 ಗಂಟೆ. ಒಟ್ಟು 200 ಗಂಟೆ ಇಂಜಿನ್ ನಿಂತಲ್ಲೇ ಓಡಿದೆ. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರಿಲ್ಲ. ಅದೇ 200 ಗಂಟೆ ಗಾಡಿ ಗಂಟೆಗೆ 40 ಕಿಲೋಮೀಟರಿನಂತೆ ಓಡಿದ್ದರೆ 8,000 ಕಿಲೋಮೀಟರ್ ಆಗುತ್ತಿತ್ತು. ನಿಂತು ಓಡುವ ಇಂಜಿನ್ನಿಗೆ ಭಾರ ಕಡಿಮೆ, ಆದ್ದರಿಂದ ಇದು ಒಂದು ಅಂದಾಜು ಮಾತ್ರ. ಆದರೂ ಆ ಆಯಿಲ್ಲಿನ ವಯಸ್ಸು ಮೀಟರ್ ತೋರಿಸಿದ 9,000ಕ್ಕಿಂತ ತುಂಬ ಹೆಚ್ಚು ಎಂಬುದು ಅವನಿಗೂ ಅರ್ಥವಾಯಿತು.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆವು. ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಆಯಿಲ್ ಇಷ್ಟು ಇಳಿದರೆ ತಿರುವಿನಲ್ಲಿ, ಬ್ರೇಕಿನಲ್ಲಿ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಅರ್ಧ ನೀರು ಅರ್ಧ ಗಾಳಿಯ ಸಿರಿಂಜು ನೆನಪಿದೆಯಲ್ಲ? ಹೊಸ ಆಯಿಲ್ಲು, ಹೊಸ ಫಿಲ್ಟರು, ಗಾಡಿಯ ಕೈಪಿಡಿಯಲ್ಲಿ ಬರೆದ ಗ್ರೇಡೇ ಹಾಕಿಸು ಎಂದೆ. ಎಲ್ಲಿಂದ ಆಯಿಲ್ ಸೋರುತ್ತಿದೆ ಎಂದು ಹುಡುಕಿಸು ಎಂದೂ ಹೇಳಿದೆ. ಕೆಳಗೆ ಡ್ರೈನ್ ನಟ್ಟಿನ ವಾಷರ್ ಸವೆದು ತೊಟ್ಟಿಕ್ಕುತ್ತಿತ್ತು.

ಆಯಿಲ್ ಬದಲಿಸಿದ ದಿನ ಸದ್ದು ಪೂರ್ತಿ ಹೋಗಲಿಲ್ಲ. ಹುಡುಗನಿಗೆ ಮತ್ತೆ ದಿಗಿಲು. ಟ್ಯಾಪೆಟ್ಟಿನ ಒಳಗೆ ಸೇರಿದ ಗಾಳಿ ಹೊರಗೆ ಹೋಗಲು ಸ್ವಲ್ಪ ಓಡಾಟ ಬೇಕು. ಮೂರನೆಯ ದಿನ ಸಂಜೆ ಅವನು ಬಂದು, “ತಾತ, ಬೆಳಿಗ್ಗೆ ಎರಡು ಸೆಕೆಂಡು ಮಾತ್ರ ಬಂತು, ಆಮೇಲೆ ಗಪ್‌ಚುಪ್” ಎಂದ. ಮಗಳ ಫೀಸು ಆ ವಾರವೇ ಕಟ್ಟಿದ.

ಎಲ್ಲ ಗಾಡಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಟ್ಯಾಪೆಟ್ ನಿಜಕ್ಕೂ ಸವೆದಿರಬಹುದು, ಗೋಲಿಯ ಕೆಳಗೆ ಕೊಳೆ ಕೂತಿರಬಹುದು, ಕ್ಯಾಮೇ ಸವೆದಿರಬಹುದು. ಆಗ ಬಿಚ್ಚಲೇಬೇಕು. ಆದರೆ ಅದಕ್ಕೊಂದು ಕ್ರಮವಿದೆ. ಮೊದಲು ಆಯಿಲ್ ಮಟ್ಟ. ಆಮೇಲೆ ಆಯಿಲ್ಲಿನ ವಯಸ್ಸು, ಗ್ರೇಡು, ಫಿಲ್ಟರು. ಆಮೇಲೆ ಗೇಜ್ ಹಾಕಿಸಿ ಆಯಿಲ್ ಪ್ರೆಶರ್ ಪರೀಕ್ಷೆ. ಇವೆಲ್ಲ ಸರಿ ಇದ್ದೂ ಬಿಸಿ ಇಂಜಿನ್ನಿನಲ್ಲಿ ಸದ್ದು ನಿಲ್ಲದಿದ್ದರೆ ಮಾತ್ರ ಸ್ಪ್ಯಾನರು.

ಸದ್ದು ಹೇಳುವ ಸುದ್ದಿ

ಬೆಳಗಿನ ಎರಡು ಮೂರು ಸೆಕೆಂಡಿನ ಸದ್ದಿಗೆ ಹೆದರಬೇಕಿಲ್ಲ. ರಾತ್ರಿಯಿಡೀ ಗಾಡಿ ನಿಂತಾಗ ಒತ್ತಿಕೊಂಡಿದ್ದ ವಾಲ್ವುಗಳ ಟ್ಯಾಪೆಟ್ಟಿನಿಂದ ಎಣ್ಣೆ ಸೋರಿರುತ್ತದೆ. ಪಂಪು ಮತ್ತೆ ತುಂಬಿಸಿದೊಡನೆ ನಿಲ್ಲುತ್ತದೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಗಮನಿಸಬೇಕು. ಸದ್ದಿನ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಜಾರಿಯ ಚಿತ್ರದ ಕೆಂಪು ದೀಪವೂ ಹತ್ತಿದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. ಇನ್ನೊಂದು ಕಿಲೋಮೀಟರ್ ಹೋಗಿ ನೋಡೋಣ ಎನ್ನಬಾರದು. ಆಯಿಲ್ ಪಂಪು ಇರುವುದು ಇಂಜಿನ್ನಿನ ಕೆಳಭಾಗದಲ್ಲಿ, ಟ್ಯಾಪೆಟ್ಟುಗಳು ಇರುವುದು ಮೇಲೆ ತುದಿಯಲ್ಲಿ. ಊರಿನ ನೀರಿನ ಪೈಪಿನಲ್ಲಿ ಕಡೆಯ ಮನೆಯವರಿಗೇ ಮೊದಲು ನೀರಿನ ಕೊರತೆ ಗೊತ್ತಾಗುವ ಹಾಗೆ, ಆಯಿಲ್ ಕಡಿಮೆಯಾದರೆ ಎಷ್ಟೋ ಸಲ ಮೊದಲು ಕೂಗುವುದು ಟ್ಯಾಪೆಟ್ಟೇ.

ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕಿಬಿಡಿ ಎನ್ನುವವರಿದ್ದಾರೆ. ಅದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಮಲಗಿಸಿದ ಹಾಗೆ. ದಪ್ಪ ಆಯಿಲ್ ಬೆಳಗಿನ ಚಳಿಯಲ್ಲಿ ಮೇಲೇರಲು ತಡ ಮಾಡುತ್ತದೆ. ಮೇಲಿನ ಗೆರೆ ದಾಟಿ ಆಯಿಲ್ ತುಂಬುವುದೂ ತಪ್ಪು. ತಿರುಗುವ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ. ನೊರೆ ಎಂದರೆ ಮತ್ತೆ ಗಾಳಿಯೇ.

ಹೈಡ್ರಾಲಿಕ್ ಟ್ಯಾಪೆಟ್ಟಿಗೆ ಸ್ಕ್ರೂ ಇರುವ ಇಂಜಿನ್ನುಗಳೂ ಇವೆ. ಅಮೆರಿಕದ ಹಳೆಯ ಎಂಟು ಸಿಲಿಂಡರಿನ ಇಂಜಿನ್ನುಗಳಲ್ಲಿ ಇದು ಸಾಮಾನ್ಯ. ಅಲ್ಲಿ ವಾಲ್ವ್ ಪೂರ್ತಿ ಮುಚ್ಚಿದಾಗ ಸಂದು ಇಲ್ಲವಾಗುವವರೆಗೆ ನಟ್ ತಿರುಗಿಸಿ, ಆಮೇಲೆ ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ ಅರ್ಧದಿಂದ ಒಂದು ಸುತ್ತು, ಹೆಚ್ಚಿಗೆ ಬಿಗಿಯುತ್ತಾರೆ. ಒಳಗಿನ ಚಿಕ್ಕ ಲೋಟ ತಳವನ್ನೂ ಮುಟ್ಟದೆ, ಮೇಲಿನ ತುದಿಯನ್ನೂ ಮುಟ್ಟದೆ ನಡುವೆ ನಿಲ್ಲಲಿ ಎಂದು. ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇದ್ದ ಹಾಗೆ, ಎರಡೂ ಕಡೆ ಆಡಲು ಅವಕಾಶ ಬೇಕು. ಹೊಸ ಟ್ಯಾಪೆಟ್ ಹಾಕಿದ ಮೇಲೆ ಅರ್ಧ ಗಂಟೆಯಾದರೂ ಸ್ಟಾರ್ಟ್ ಮಾಡಬೇಡಿ ಎಂದು ಕೆಲವು ಕಂಪನಿಗಳ ಕೈಪಿಡಿ ಎಚ್ಚರಿಸುತ್ತದೆ. ಎಣ್ಣೆ ಹೆಚ್ಚಾಗಿ ತುಂಬಿದ ಟ್ಯಾಪೆಟ್ ಗಿಡ್ಡವಾಗುವ ಮೊದಲೇ ಇಂಜಿನ್ ತಿರುಗಿದರೆ ವಾಲ್ವಿಗೆ ಪಿಸ್ಟನ್ ಬಡಿಯುವ ಅಪಾಯವಿರುತ್ತದೆ.

ಗಾಡಿಗೊಂದು ಪಾಸ್‌ಬುಕ್

ಹಿಂದೆ ಟ್ಯಾಪೆಟ್ ಸೆಟ್ ಮಾಡಲೆಂದು ಬಾನೆಟ್ ಎತ್ತಿದಾಗ ಆಯಿಲ್ಲೂ ಕಣ್ಣಿಗೆ ಬೀಳುತ್ತಿತ್ತು, ಬೆಲ್ಟೂ ಕಣ್ಣಿಗೆ ಬೀಳುತ್ತಿತ್ತು. ಈಗ ಟ್ಯಾಪೆಟ್ ತಾನೇ ಸರಿಮಾಡಿಕೊಳ್ಳುತ್ತದೆ, ನಾವು ಬಾನೆಟ್ಟನ್ನೇ ಎತ್ತುವುದಿಲ್ಲ. ಅದು ನಮ್ಮಿಂದ ಸ್ಕ್ರೂ ಡ್ರೈವರ್ ಕೇಳುವುದಿಲ್ಲ, ನಿಜ. ಆದರೆ ಶುದ್ಧ ಎಣ್ಣೆಯನ್ನು ಸಮಯಕ್ಕೆ ಸರಿಯಾಗಿ ಕೇಳುತ್ತದೆ. ಕೈಕೆಲಸ ಕಡಿಮೆಯಾಗಿದೆ, ಕಾಳಜಿಯ ಕೆಲಸ ಹಾಗೆಯೇ ಉಳಿದಿದೆ.

ಈ ರಜೆಯಲ್ಲಿ ಮಕ್ಕಳೂ ಅಜ್ಜ ಅಜ್ಜಿಯರೂ ಸೇರಿ ಮನೆಯ ಗಾಡಿಗೆ ಒಂದು ಪಾಸ್‌ಬುಕ್ ಮಾಡಿ. ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ನಾಲ್ಕು ಕಾಲಮ್ ಎಳೆಯಿರಿ: ತಾರೀಖು, ಮೀಟರಿನ ಕಿಲೋಮೀಟರು, ಕಡ್ಡಿಯಲ್ಲಿ ಕಂಡ ಆಯಿಲ್ ಮಟ್ಟ, ನಿಂತಲ್ಲೇ ಇಂಜಿನ್ ಓಡಿಸಿದ ಅಂದಾಜು ಗಂಟೆ. ವಾರಕ್ಕೊಂದು ದಿನ, ಇಂಜಿನ್ ತಣ್ಣಗಿರುವಾಗ, ದೊಡ್ಡವರು ಕಡ್ಡಿ ಎಳೆದು ತೋರಿಸಲಿ, ಮಕ್ಕಳು ಬರೆಯಲಿ. ಕಡ್ಡಿ ಒರೆಸಲು ಹಳೆಯ ಹತ್ತಿ ಬಟ್ಟೆಯ ಒಂದು ತುಂಡು ಇಟ್ಟುಕೊಳ್ಳಿ, ಅಜ್ಜಿಯ ಅಡುಗೆಮನೆಯ ಕೈಬಟ್ಟೆ ಮುಟ್ಟಬೇಡಿ!